ಓವನ್ ಮುಟ್ಟದೆ ಹಬ್ಬದ ಚೀಸ್ ತಟ್ಟೆ

ನವೆಂಬರಿನ ನಾಲ್ಕನೇ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ದಿನ, ಅಮೆರಿಕದ ಮನೆಗಳಲ್ಲಿ ಓವನ್‌ಗೆ ಬಿಡುವೇ ಇರುವುದಿಲ್ಲ. ಟರ್ಕಿ ಕೋಳಿ ಬೇಯಿಸುವ ಮನೆಯಲ್ಲಿ ಅದೊಂದೇ ಮೂರು ನಾಲ್ಕು ಗಂಟೆ ಓವನ್ ಹಿಡಿದುಬಿಡುತ್ತದೆ. ಸಸ್ಯಾಹಾರಿ ಮನೆಯಲ್ಲಿ ಕ್ಯಾಸರೋಲ್, ಮ್ಯಾಕ್ ಅಂಡ್ ಚೀಸ್, ಕುಂಬಳದ ಪೈ ಒಂದರ ಹಿಂದೊಂದು ಸರದಿಗೆ ಕಾಯುತ್ತವೆ. ಊಟಕ್ಕೆ ಕೂರುವುದು ಮಧ್ಯಾಹ್ನ ಮೂರೋ ನಾಲ್ಕೋ ಗಂಟೆಗೆ, ಬಂದವರು ಒಂದು ಗಂಟೆಗೇ ಬಂದಿರುತ್ತಾರೆ. ಈ ಎರಡು ಮೂರು ಗಂಟೆಯ ಹಸಿವಿಗೆಂದು ಮಾಡುವುದೇ ಚೀಸ್ ಬಾಲ್ (ಬೀಜ ಮೆತ್ತಿದ ಚೀಸ್ ಉಂಡೆ), ಪಿನ್‌ವೀಲ್ (ಚೀಸ್ ಸವರಿ ಸುತ್ತಿ ಚಕ್ರಗಳಾಗಿ ಕತ್ತರಿಸಿದ ರೊಟ್ಟಿ), ಖರ್ಜೂರದೊಳಗೆ ಚೀಸ್ ತುಂಬಿದ್ದು, ಕಡ್ಡಿಗೆ ಸಿಕ್ಕಿಸಿದ ಮೊಝರೆಲ್ಲಾ. ಯಾವುದಕ್ಕೂ ಓವನ್ ಬೇಡ. ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ಕನ್ನಡ ಕೂಟದ ಪಾಟ್‌ಲಕ್‌ಗೂ ಇದೇ ತಟ್ಟೆ ಸಾಗುತ್ತದೆ.

ಕೆಲಸ ಸುಲಭ. ಆದರೆ ಸುಲಭವೆಂದು ಬುಧವಾರ ರಾತ್ರಿ ಹತ್ತು ಗಂಟೆಗೆ ಶುರುಮಾಡಿದರೆ ಕೈಕೊಡುತ್ತದೆ. ಓವನ್‌ನಲ್ಲಿ ಬೇಯುವ ತಿಂಡಿಗೆ ನೀರು ಹೆಚ್ಚಾದರೆ ಇನ್ನೈದು ನಿಮಿಷ ಬಿಟ್ಟು ಆರಿಸಬಹುದು. ಇಲ್ಲಿ ಬಟ್ಟಲಿಗೆ ಬಿದ್ದ ನೀರು ಬಟ್ಟಲಲ್ಲೇ ಉಳಿಯುತ್ತದೆ, ಅದನ್ನು ಓಡಿಸುವ ಬಿಸಿ ಇಲ್ಲ. ಗಟ್ಟಿ ಮಾಡುವ ಕೆಲಸವೆಲ್ಲ ಫ್ರಿಜ್‌ನದು, ಅದು ತನ್ನ ಹೊತ್ತು ತೆಗೆದುಕೊಂಡೇ ತೀರುತ್ತದೆ. ಹಾಗಾಗಿ ನೀರನ್ನು ದೂರ ಇಡುವುದು, ಫ್ರಿಜ್‌ಗೆ ಹೊತ್ತು ಕೊಡುವುದು, ಇವೆರಡರ ಸುತ್ತಲೇ ನಾವು ಇಡೀ ತಯಾರಿಯನ್ನು ಹೊಂದಿಸುವುದು. ಕೆಳಗಿನ ಅಳತೆ ಸುಮಾರು 25 ಜನಕ್ಕೆ. ಹಿಂದೆಯೇ ದೊಡ್ಡ ಊಟ ಇದ್ದರೆ ತಲೆಗೆ ಒಟ್ಟು 50–60 ಗ್ರಾಂ ಚೀಸ್ ಸಾಕು. ಇದೇ ಊಟವಾದರೆ ಅದರ ಇಮ್ಮಡಿ ಬೇಕು.

ಮಂಗಳವಾರ ಅಂಗಡಿ. ಮೊದಲು ಕ್ರೀಮ್ ಚೀಸ್. ಬೆಳ್ಳಿ ಕಾಗದದಲ್ಲಿ ಸುತ್ತಿದ 8 ಔನ್ಸಿನ (226 ಗ್ರಾಂ) ಗಟ್ಟಿಯನ್ನೇ ತರಬೇಕು, ಪ್ಲಾಸ್ಟಿಕ್ ಡಬ್ಬಿಯದ್ದು ಬೇಡ. ಅಮೆರಿಕದ ಕಾನೂನಿನ ಪ್ರಕಾರ ಕ್ರೀಮ್ ಚೀಸ್‌ನಲ್ಲಿ ಕನಿಷ್ಠ 33% ಕೊಬ್ಬು ಇರಬೇಕು, ನೀರು 55% ಮೀರುವಂತಿಲ್ಲ. ಪಕ್ಕದಲ್ಲೇ ‘ಮೂರನೇ ಒಂದು ಪಾಲು ಕಡಿಮೆ ಕೊಬ್ಬು’ ಎಂದು ಮಾರುವ ನ್ಯೂಶಾಟೆಲ್‌ನಲ್ಲಿ ನೀರು 65%ವರೆಗೂ ಇರಬಹುದು. ಬ್ರೆಡ್ಡಿಗೆ ಸವರಲು ಅದು ಚೆನ್ನಾಗಿಯೇ ಇದೆ. ಆದರೆ ಅದರಿಂದ ಕಟ್ಟಿದ ಉಂಡೆ ಅರ್ಧ ಗಂಟೆಯಲ್ಲಿ ತಟ್ಟೆಯ ಮೇಲೆ ಕುಸಿದು ಚಪ್ಪಟೆಯಾಗುತ್ತದೆ. ಡಬ್ಬಿಯದ್ದನ್ನು ಸವರಲು ಸುಲಭವಾಗಲೆಂದೇ ಮೆತ್ತಗೆ ಮಾಡಿರುತ್ತಾರೆ, ಕೆಲವಕ್ಕೆ ಗಾಳಿಯನ್ನೂ ಸೇರಿಸಿ ಕಡೆದಿರುತ್ತಾರೆ. ಅದೂ ಉಂಡೆಗೆ ನಿಲ್ಲುವುದಿಲ್ಲ.

ಚೆಡ್ಡರ್ ಕೂಡ ಇಡೀ ಗಟ್ಟಿಯೇ ಬೇಕು, ‘ಶಾರ್ಪ್’ ಅಥವಾ ‘ಎಕ್ಸ್‌ಟ್ರಾ ಶಾರ್ಪ್’. ಮೊದಲೇ ತುರಿದು ಚೀಲದಲ್ಲಿ ಮಾರುವ ಚೀಸ್‌ನ ಎಳೆಗಳು ಒಂದಕ್ಕೊಂದು ಅಂಟದಿರಲಿ ಎಂದು ಆಲೂಗಡ್ಡೆ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಸವರಿರುತ್ತಾರೆ. ನಮಗೆ ಬೇಕಾದದ್ದು ಅಂಟುವುದೇ. ಆ ಪುಡಿ ಇದ್ದರೆ ಕ್ರೀಮ್ ಚೀಸ್ ಜೊತೆ ಬೆರೆಯದೆ ಎಳೆಗಳು ಬಿಡಿಬಿಡಿಯಾಗಿ ನಾಲಿಗೆಗೆ ಸಿಗುತ್ತವೆ. ಫೆಟಾ (ಗ್ರೀಸಿನ ಉಪ್ಪುಪ್ಪಾದ ಬಿಳಿ ಚೀಸ್) ಕೊಳ್ಳುವಾಗಲೂ ಪುಡಿ ಮಾಡಿಟ್ಟದ್ದನ್ನು ಬಿಟ್ಟು ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ತುಂಡು ತರುವುದು ಲೇಸು.

ನಮ್ಮ ಮನೆಗಳಿಗೆ ಬರುವವರಲ್ಲಿ ಶುದ್ಧ ಸಸ್ಯಾಹಾರಿಗಳು ಇದ್ದೇ ಇರುತ್ತಾರೆ, ಆದ್ದರಿಂದ ಲೇಬಲ್ ಓದಲು ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಬೇಕು. ‘ಎಂಜೈಮ್ಸ್’ ಎಂದಷ್ಟೇ ಬರೆದಿದ್ದರೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸಿರಬಹುದು, ಸೂಕ್ಷ್ಮಾಣುಗಳಿಂದ ತೆಗೆದದ್ದೂ ಇರಬಹುದು. ಆ ಒಂದು ಪದದಿಂದ ಗೊತ್ತಾಗುವುದಿಲ್ಲ. ‘ವೆಜಿಟೇರಿಯನ್ ರೆನೆಟ್’ ಅಥವಾ ‘ಮೈಕ್ರೋಬಿಯಲ್ ಎಂಜೈಮ್ಸ್’ ಎಂದಿದ್ದರೆ ನಿಶ್ಚಿಂತೆ. ಇಟಲಿಯ ಪಾರ್ಮಿಜಾನೋ ರೆಜ್ಜಾನೋಗೆ ಕರುವಿನ ರೆನೆಟ್ ಕಡ್ಡಾಯ, ಅದನ್ನು ಪೂರ್ತಿ ಬಿಡಬೇಕು. ಗ್ರೀಸಿನ ಫೆಟಾದಲ್ಲೂ ಪ್ರಾಣಿ ರೆನೆಟ್ ಇರುವುದುಂಟು. ಕ್ರೀಮ್ ಚೀಸ್ ಮುಖ್ಯವಾಗಿ ಹುಳಿಯಿಂದಲೇ ಹೆಪ್ಪಾಗುವಂಥದ್ದು, ಸಾಮಾನ್ಯವಾಗಿ ತೊಂದರೆಯಿಲ್ಲ. ಕಡಿಮೆ ಕೊಬ್ಬಿನ ಬಗೆಗಳಲ್ಲಿ ಮಾತ್ರ ಜೆಲಾಟಿನ್ ಇದೆಯೇ ಎಂದು ನೋಡಿಕೊಳ್ಳಬೇಕು. ಪಿನ್‌ವೀಲ್‌ಗೆ ತರುವ ಟಾರ್ಟಿಯಾದಲ್ಲಿ, ಅಂದರೆ ತೆಳು ಮೈದಾ ರೊಟ್ಟಿಯಲ್ಲಿ, ಕೆಲವೊಮ್ಮೆ ಲಾರ್ಡ್, ಅಂದರೆ ಹಂದಿಯ ಕೊಬ್ಬು, ಇರುತ್ತದೆ.

ಯಾರೂ ಅನುಮಾನಪಡದ ಇನ್ನೊಂದು ವಸ್ತು ವೂಸ್ಟರ್‌ಶೈರ್ ಸಾಸ್. ಚೀಸ್ ಬಾಲ್‌ನ ಹೆಚ್ಚಿನ ಪಾಕವಿಧಾನಗಳಲ್ಲಿ ಅದು ಒಂದು ಚಮಚ ಇದ್ದೇ ಇರುತ್ತದೆ, ಮತ್ತು ಸಾಂಪ್ರದಾಯಿಕ ವೂಸ್ಟರ್‌ಶೈರ್ ಸಾಸ್‌ನಲ್ಲಿ ಆಂಚೊವಿ ಮೀನು ಇರುತ್ತದೆ. ಅದರಲ್ಲಿ ಹುಣಸೆ ಹಣ್ಣಿನ ಸಾರವೂ ಇರುವುದರಿಂದ ಬದಲಿ ಮಾಡಿಕೊಳ್ಳುವುದು ನಮಗೆ ಕಷ್ಟವಲ್ಲ: ಒಂದು ಟೀ ಚಮಚ ಸೋಯಾ ಸಾಸ್, ಕಾಲು ಟೀ ಚಮಚ ಗಟ್ಟಿ ಹುಣಸೆ ರಸ, ಒಂದು ಚಿಟಿಕೆ ಬೆಲ್ಲದ ಪುಡಿ. ರುಚಿ ತೀರಾ ಹತ್ತಿರ ಬರುತ್ತದೆ.

ಚೀಸ್ ಬಾಲ್ ಕಟ್ಟುವುದು ಮಂಗಳವಾರ ರಾತ್ರಿಯೇ, ಯಾಕೆಂದರೆ ಅದಕ್ಕೆ ಒಂದು ರಾತ್ರಿ ಬೇಕು, ಎರಡಾದರೆ ಇನ್ನೂ ಒಳ್ಳೆಯದು. ಬೇಕಾದದ್ದು ಕ್ರೀಮ್ ಚೀಸ್ 2 ಗಟ್ಟಿ (ಸುಮಾರು 450 ಗ್ರಾಂ), ಚೆಡ್ಡರ್ 225 ಗ್ರಾಂ, ಮೇಲೆ ಹೇಳಿದ ಹುಣಸೆ–ಸೋಯಾ ಮಿಶ್ರಣ, ಈರುಳ್ಳಿ ಪುಡಿ 1 ಟೀ ಚಮಚ, ಬೆಳ್ಳುಳ್ಳಿ ಪುಡಿ ಅರ್ಧ ಟೀ ಚಮಚ, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ, ಅಚ್ಚಖಾರದ ಪುಡಿ ಕಾಲು ಟೀ ಚಮಚ. ಉಪ್ಪು ಹಾಕಬಾರದು, ಚೀಸ್‌ನಲ್ಲೂ ಸೋಯಾ ಸಾಸ್‌ನಲ್ಲೂ ಬೇಕಾದಷ್ಟಿದೆ. ಹೊರಗೆ ಮೆತ್ತಲು ಪೀಕಾನ್ (ಅಕ್ರೋಟಿನಂಥ ಬೀಜ) 1 ಕಪ್, ಅದು ಗುರುವಾರದ ಕೆಲಸ.

ಕ್ರೀಮ್ ಚೀಸ್ ಫ್ರಿಜ್‌ನಿಂದ ಹೊರಬಂದು ಮುಕ್ಕಾಲು ಗಂಟೆಯಾದರೂ ಆಗಿರಬೇಕು. ಹೆಬ್ಬೆರಳಿಂದ ಒತ್ತಿದರೆ ತಡೆಯಿಲ್ಲದೆ ಗುಳಿ ಬೀಳಬೇಕು, ಗುಳಿಯ ಅಂಚು ಬಿರಿಯಬಾರದು. ಅಂಚಿನಲ್ಲಿ ಸಣ್ಣ ಬಿರುಕು ಕಂಡರೆ ನಡುಭಾಗ ಇನ್ನೂ ತಣ್ಣಗಿದೆ ಎಂದರ್ಥ. ಆಗ ಕಲಸಿದರೆ ಅಕ್ಕಿಕಾಳಿನಷ್ಟು ಸಣ್ಣ ಗಂಟುಗಳು ಉಳಿದುಬಿಡುತ್ತವೆ, ಚೆಡ್ಡರ್ ಸೇರಿಸಿದ ಮೇಲೆ ಅವನ್ನು ಒಡೆಯಲಾಗುವುದಿಲ್ಲ. ಅವಸರವಿದ್ದರೆ ಗಟ್ಟಿಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿದರೆ ಇಪ್ಪತ್ತು ನಿಮಿಷದಲ್ಲಿ ಹದಕ್ಕೆ ಬರುತ್ತದೆ. ಮೈಕ್ರೋವೇವ್‌ಗೆ ಮಾತ್ರ ಇಡಬೇಡಿ. ಅಂಚು ಕರಗಿ ನಡು ತಣ್ಣಗೇ ಇರುತ್ತದೆ. ಕರಗಿದ ಭಾಗದಲ್ಲಿ ಕೊಬ್ಬು ಬೇರೆಯಾಗಿ ಆಮೇಲೆ ತರಿತರಿಯಾಗುತ್ತದೆ. ಚೆಡ್ಡರ್‌ನ ಲೆಕ್ಕ ಇದಕ್ಕೆ ಉಲ್ಟಾ: ಅದು ಫ್ರಿಜ್‌ನಿಂದ ನೇರ ತುರಿಮಣೆಗೆ ಬರಬೇಕು, ತಣ್ಣಗಿದ್ದಷ್ಟೂ ಎಳೆ ಸಣ್ಣಗೆ ಬೀಳುತ್ತದೆ. ತುರಿಮಣೆಯ ಸಣ್ಣ ತೂತಿನ ಕಡೆಯಲ್ಲೇ ತುರಿಯಬೇಕು. ದಪ್ಪ ಎಳೆಯಾದರೆ ಉಂಡೆ ಕತ್ತರಿಸುವಾಗ ಪುಡಿಯಾಗಿ ಉದುರುತ್ತದೆ.

ಮೊದಲು ಕ್ರೀಮ್ ಚೀಸ್ ಒಂದನ್ನೇ ಮರದ ಸೌಟಿನಿಂದ ನುಣ್ಣಗಾಗುವವರೆಗೆ ಕಲಸಿ, ಮಸಾಲೆ ಪುಡಿ ಮತ್ತು ಸಾಸ್ ಸೇರಿಸಿ, ಕೊನೆಗೆ ಚೆಡ್ಡರ್. ವಿದ್ಯುತ್ ಬೀಟರ್ ಬಳಸುವುದಿದ್ದರೆ ಚೆಡ್ಡರ್‌ಗೆ ಮುಂಚೆ, ಒಂದು ನಿಮಿಷ ಮಾತ್ರ. ಹೆಚ್ಚು ಹೊತ್ತು ತಿರುಗಿಸಿದರೆ ಗಾಳಿ ಸೇರಿ ಸಡಿಲವಾಗುತ್ತದೆ, ಆ ಸಡಿಲ ಫ್ರಿಜ್‌ನಲ್ಲೂ ಪೂರ್ತಿ ಬಿಗಿಯುವುದಿಲ್ಲ. ಕಲಸಿದ್ದು ಹೋಳಿಗೆಯ ಹೂರಣದ ಹಾಗೆ ಬೆರಳಿಗೆ ಹತ್ತದೆ ಬಟ್ಟಲಿನ ಬದಿ ಬಿಟ್ಟುಕೊಂಡು ಬರಬೇಕು. ಇನ್ನೂ ಅಂಟುತ್ತಿದ್ದರೆ ಕೈಯಿಂದ ಉಂಡೆ ಕಟ್ಟಲು ಹೆಣಗಬೇಡಿ. ಸಣ್ಣ ಬಟ್ಟಲಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರೊಳಗೆ ತುಂಬಿ, ಹಾಳೆಯ ನಾಲ್ಕೂ ಮೂಲೆ ಎತ್ತಿ ಗಂಟಿನ ಹಾಗೆ ತಿರುಚಿ, ಅದೇ ಬಟ್ಟಲಲ್ಲಿ ಫ್ರಿಜ್‌ನಲ್ಲಿಡಿ. ಎರಡು ಗಂಟೆ ಕಳೆದ ಮೇಲೆ ಹಾಳೆಯ ಸಮೇತ ಅಂಗೈಯಲ್ಲಿ ತಿರುಗಿಸಿದರೆ ಗುಂಡಗಾಗುತ್ತದೆ. ಮತ್ತೆ ಒಳಗಿಡಿ.

ಪುಡಿ ಈರುಳ್ಳಿಯನ್ನೇ ಹೇಳುವುದಕ್ಕೆ ಕಾರಣವಿದೆ. ಹಸಿ ಈರುಳ್ಳಿ ಸಣ್ಣಗೆ ಹೆಚ್ಚಿದಷ್ಟೂ ನೀರು ಬಿಡುತ್ತದೆ, ಎರಡನೇ ದಿನಕ್ಕೆ ಅದರ ಘಾಟು ಉಳಿದೆಲ್ಲ ರುಚಿಯನ್ನೂ ನುಂಗಿಬಿಡುತ್ತದೆ. ಪುಡಿಯಾದರೋ ಚೀಸ್‌ನ ತೇವವನ್ನೇ ಹೀರಿಕೊಂಡು ರಾತ್ರಿಯೆಲ್ಲ ಅರಳುತ್ತದೆ. ಕಲಸಿದ ಕೂಡಲೇ ರುಚಿ ನೋಡಿ ‘ಸಪ್ಪೆ’ ಎನಿಸಿದರೂ ಮತ್ತೆ ಪುಡಿ ಸುರಿಯಬಾರದು, ಬೆಳಗ್ಗೆ ನೋಡಿದರೆ ಸರಿಯಾಗಿರುತ್ತದೆ. ಹಸಿರು ಬೇಕೆನಿಸಿದರೆ ಚೈವ್ಸ್ (ಈರುಳ್ಳಿ ಜಾತಿಯ ತೆಳು ಹಸಿರೆಲೆ) ಅಥವಾ ಈರುಳ್ಳಿ ಹೂವಿನ ಹಸಿರು ಭಾಗ ಎರಡು ಚಮಚ, ತೊಳೆದು ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿದ್ದು.

ಅನಾನಸ್ ಹಾಕಿದ ಚೀಸ್ ಬಾಲ್ ಅಮೆರಿಕದ ಹಬ್ಬದ ಮೇಜಿನಲ್ಲಿ ಹಳೆಯ ಪರಿಚಯ. ಅದಕ್ಕೆ ಡಬ್ಬಿಯ ಅನಾನಸ್ಸನ್ನೇ ಬಳಸಬೇಕು. ಹಸಿ ಅನಾನಸ್‌ನಲ್ಲಿರುವ ಬ್ರೋಮಲೇನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಹಾಕುತ್ತದೆ. ಸಂಜೆ ಕಟ್ಟಿದ ಉಂಡೆ ಬೆಳಗ್ಗೆ ತೆಳ್ಳಗಾಗಿ ಕಹಿಯಾಗಿರುತ್ತದೆ. ಡಬ್ಬಿಗೆ ತುಂಬುವಾಗ ಕಾಯಿಸುವುದರಿಂದ ಆ ಕಿಣ್ವ ಸತ್ತುಹೋಗಿರುತ್ತದೆ. ಆದರೂ ಡಬ್ಬಿಯ ಹಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಕೈಯಿಂದ ಚೆನ್ನಾಗಿ ಹಿಂಡಲೇಬೇಕು. ಪರಂಗಿ ಹಣ್ಣು, ಕಿವಿ, ಹಸಿ ಅಂಜೂರ, ಹಸಿ ಶುಂಠಿಯಲ್ಲೂ ಇಂಥದೇ ಕಿಣ್ವಗಳಿವೆ. ಇವನ್ನು ಚೀಸ್ ಜೊತೆ ಕಲಸಿಡಬಾರದು, ತಿನ್ನುವ ಹೊತ್ತಿಗೆ ಪಕ್ಕದಲ್ಲಿಟ್ಟರೆ ಅಡ್ಡಿಯಿಲ್ಲ.

ಬುಧವಾರ ಪಿನ್‌ವೀಲ್. 10 ಅಂಗುಲದ ಟಾರ್ಟಿಯಾ 4, ಕ್ರೀಮ್ ಚೀಸ್ 1 ಗಟ್ಟಿ. ಒಂದೊಂದು ಟಾರ್ಟಿಯಾಕ್ಕೆ ಕಾಲು ಕಪ್ ಹೂರಣ. ಅಮೆರಿಕದ ಪದ್ಧತಿಯಲ್ಲಿ ಇದಕ್ಕೆ ಕ್ರ್ಯಾನ್‌ಬೆರಿ, ಫೆಟಾ, ಈರುಳ್ಳಿ ಹಸಿರು ಹಾಕುತ್ತಾರೆ. ನಾವು ಎರಡು ಟಾರ್ಟಿಯಾಕ್ಕೆ ಒಣ ಕ್ರ್ಯಾನ್‌ಬೆರಿಯನ್ನೂ ಉಳಿದೆರಡಕ್ಕೆ ಉತ್ತರ ಕರ್ನಾಟಕದ ಶೇಂಗಾ ಚಟ್ನಿಪುಡಿಯನ್ನೂ ಹಾಕುತ್ತೇವೆ. ಅರ್ಧ ಗಟ್ಟಿ ಕ್ರೀಮ್ ಚೀಸ್‌ಗೆ ಚಟ್ನಿಪುಡಿ 2 ಚಮಚ. ಖಾರ, ಬೆಳ್ಳುಳ್ಳಿ, ಶೇಂಗಾದ ಎಣ್ಣೆ ಮೂರೂ ಕ್ರೀಮ್ ಚೀಸ್‌ನ ಸಪ್ಪೆ ಹುಳಿಗೆ ಬಹಳ ಚೆನ್ನಾಗಿ ಹೊಂದುತ್ತವೆ. ಪುಡಿ ತೇವ ಹೀರುವುದರಿಂದ ಸುರುಳಿ ಇನ್ನೂ ಬಿಗಿಯಾಗಿ ನಿಲ್ಲುತ್ತದೆ. ಕೊತ್ತಂಬರಿ ಚಟ್ನಿ, ಹೆಚ್ಚಿದ ಸೌತೆಕಾಯಿ, ಹಸಿ ಟೊಮೇಟೊ ಇಲ್ಲಿ ಬೇಡ. ರಾತ್ರಿಯಿಡೀ ನೀರು ಬಿಟ್ಟು ಬೆಳಗ್ಗೆ ಟಾರ್ಟಿಯಾ ತೊಯ್ದ ಕಾಗದವಾಗಿರುತ್ತದೆ. ಟೊಮೇಟೊ ಬೇಕೇ ಬೇಕೆಂದರೆ ಎಣ್ಣೆಯಲ್ಲಿಟ್ಟ ಒಣ ಟೊಮೇಟೊ, ಅದೂ ಒರೆಸಿದ್ದು.

ಫ್ರಿಜ್‌ನಿಂದ ತೆಗೆದ ಟಾರ್ಟಿಯಾ ಸುತ್ತುವಾಗ ಬಿರಿಯುತ್ತದೆ. ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿಟ್ಟು ಹತ್ತು ಸೆಕೆಂಡ್ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಹೂರಣ ಸವರಬೇಕು. ಸವರುವಾಗ ಅಂಚಿನವರೆಗೂ ಹೋಗಬೇಕು, ಆ ಅಂಚಿನ ಚೀಸೇ ಸುರುಳಿಯನ್ನು ಅಂಟಿಸಿ ಹಿಡಿಯುವುದು. ನಡುವೆ ಟೊಳ್ಳು ಉಳಿಯದಂತೆ ಮೊದಲ ಸುತ್ತನ್ನು ಬೆರಳಿಂದ ಒತ್ತಿ ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಎರಡೂ ತುದಿ ತಿರುಚಿ ಫ್ರಿಜ್‌ಗೆ. ಕನಿಷ್ಠ ಎರಡು ಗಂಟೆ, ಹೆಚ್ಚೆಂದರೆ ಒಂದು ದಿನ. ಕತ್ತರಿಸುವುದು ಬಡಿಸುವ ದಿನ, ಹಲ್ಲಿರುವ ಬ್ರೆಡ್ ಚಾಕುವಿನಿಂದ, ಎರಡು ಸೆಂಟಿಮೀಟರ್ ದಪ್ಪಕ್ಕೆ. ಚಾಕುವನ್ನು ಒತ್ತದೆ ಗರಗಸದಂತೆ ಆಡಿಸಬೇಕು, ಎರಡು ಮೂರು ತುಂಡಿಗೊಮ್ಮೆ ಒರೆಸಬೇಕು. ಒತ್ತಿದರೆ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿ ಹೂರಣ ಪಕ್ಕಕ್ಕೆ ಜಾರುತ್ತದೆ. ತುದಿಗಳು ಅಡುಗೆಮನೆಯಲ್ಲಿರುವವರ ಪಾಲು. ನಾಲ್ಕು ಟಾರ್ಟಿಯಾಕ್ಕೆ ಸುಮಾರು 40 ಚಕ್ರ ಬರುತ್ತವೆ.

ಬುಧವಾರವೇ ಮುಗಿಸಬಹುದಾದ ಇನ್ನೊಂದು ತಿನಿಸು ಕಡೆದ ಫೆಟಾ. 200 ಗ್ರಾಂ ಫೆಟಾ ತುಂಡನ್ನು ಹದಿನೈದು ನಿಮಿಷ ತಣ್ಣೀರಿನಲ್ಲಿಟ್ಟರೆ ಹೆಚ್ಚಿನ ಉಪ್ಪು ಇಳಿಯುತ್ತದೆ. ಒರೆಸಿ ಪುಡಿಮಾಡಿ, 100 ಗ್ರಾಂ ಗಟ್ಟಿ ಗ್ರೀಕ್ ಮೊಸರು, ಆಲಿವ್ ಎಣ್ಣೆ 2 ಚಮಚ ಸೇರಿಸಿ ಫುಡ್ ಪ್ರೊಸೆಸರ್‌ನಲ್ಲಿ ಮೂರು ನಿಮಿಷ. ನಮ್ಮ ಮಿಕ್ಸಿಯಲ್ಲಿ ಮಾಡುವುದಾದರೆ ಐದೈದು ಸೆಕೆಂಡ್ ಓಡಿಸಿ ನಿಲ್ಲಿಸಿ, ಬದಿ ಕೆರೆದು ಮತ್ತೆ ಓಡಿಸಬೇಕು. ಸಣ್ಣ ಜಾರಿನಲ್ಲಿ ಒಂದೇ ಸಮನೆ ಓಡಿಸಿದರೆ ಬ್ಲೇಡಿನ ಬಿಸಿಗೆ ಎಣ್ಣೆ ಬೇರ್ಪಡುತ್ತದೆ. ಬಡಿಸುವಾಗ ತಟ್ಟೆಯಲ್ಲಿ ಹರಡಿ, ಚಮಚದ ಹಿಂಬದಿಯಿಂದ ತಗ್ಗು ಮಾಡಿ, ಜೇನುತುಪ್ಪ ಮತ್ತು ಒರಟಾಗಿ ಕುಟ್ಟಿದ ಮೆಣಸು ಹಾಕಿದರೆ ಮುಗಿಯಿತು. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಬಾರದು, ಹಾಗಾಗಿ ಜೇನು ಹಾಕಿದ್ದು ಯಾವುದೆಂದು ತಾಯಂದಿರಿಗೆ ಹೇಳಿಬಿಡಿ. ಗರ್ಭಿಣಿಯರಿದ್ದರೆ ತಟ್ಟೆಯ ಮೇಲಿನ ಮೆತ್ತನೆಯ ಚೀಸ್‌ಗಳೆಲ್ಲ ಪಾಶ್ಚರೀಕರಿಸಿದ ಹಾಲಿನವೇ ಆಗಿರಬೇಕು. ಹಸಿ ಹಾಲಿನ ಮೆತ್ತನೆಯ ಚೀಸ್‌ನಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಅಪಾಯವಿದೆ.

ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸು ಹಾಕಿ ಚೀಸ್ ನೆನೆಸಿಡುವ ಪದ್ಧತಿಯೂ ಇದೆ. ನೋಡಲು ಬಲು ಚೆಂದ. ಆದರೆ ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿದಾಗ ಗಾಳಿ ತಾಗದ ಜಾಗ ಸಿಕ್ಕಿ ಬಾಟುಲಿಸಂ ವಿಷ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು, ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಗೊತ್ತಾಗುವುದಿಲ್ಲ. ಮಾಡಿದರೆ ಫ್ರಿಜ್‌ನಲ್ಲೇ ಇಟ್ಟು ನಾಲ್ಕು ದಿನದೊಳಗೆ ಮುಗಿಸಬೇಕು. ಉಡುಗೊರೆಗೆಂದು ಬಾಟಲಿಯಲ್ಲಿ ತುಂಬಿ ಕೌಂಟರ್ ಮೇಲಿಡುವುದು ಖಂಡಿತ ಬೇಡ.

ಗುರುವಾರ ಬೆಳಗ್ಗೆ ಪೀಕಾನ್ ಹುರಿಯಬೇಕು. ಒಲೆಯ ಮೇಲೆ ದಪ್ಪ ಬಾಣಲೆ, ಸಣ್ಣ ಉರಿ, ಐದಾರು ನಿಮಿಷ. ಬಣ್ಣಕ್ಕಿಂತ ಮೊದಲು ಪರಿಮಳ ಏಳುತ್ತದೆ, ಆ ಕ್ಷಣವೇ ಇಳಿಸಿ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಹೆಸರುಕಾಳಿನಷ್ಟು ಸಣ್ಣಗೆ ಚಾಕುವಿನಲ್ಲಿ ಹೆಚ್ಚಿ ಜರಡಿಯಲ್ಲಿ ಒಮ್ಮೆ ಆಡಿಸಿ. ಕೆಳಗೆ ಬಿದ್ದ ಹುಡಿಯನ್ನು ಬೇರೆಯದಕ್ಕೆ ಇಟ್ಟುಕೊಳ್ಳಿ. ಅದನ್ನೂ ಮೆತ್ತಿದರೆ ಹೊರಮೈ ಗರಿಗರಿಯಾಗದೆ ಲೇಪದ ಹಾಗಾಗುತ್ತದೆ. ಬೀಜ ಆಗದವರು ಬರುವುದಿದ್ದರೆ ಹುರಿದ ಕುಂಬಳ ಬೀಜ, ಅಥವಾ ಬರೀ ಚೈವ್ಸ್ ಮತ್ತು ಕಾಳುಮೆಣಸು. ಎಳ್ಳು ಕೂಡ ಅಮೆರಿಕದಲ್ಲಿ ಗುರುತಿಸಿದ ಅಲರ್ಜಿ ವಸ್ತುಗಳ ಪಟ್ಟಿಯಲ್ಲಿದೆ, ಕೇಳಿಯೇ ಬಳಸಬೇಕು. ಚಟ್ನಿಪುಡಿಯ ಪಿನ್‌ವೀಲ್ ಪಕ್ಕದಲ್ಲಿ ‘ಶೇಂಗಾ ಇದೆ’ ಎಂಬ ಚೀಟಿ ಕಡ್ಡಾಯ.

ಉಂಡೆಗೆ ಬೀಜ ಮೆತ್ತುವುದು ಬಡಿಸುವುದಕ್ಕೆ ಒಂದು ಗಂಟೆ ಮುಂಚೆ. ಮೊದಲೇ ಮೆತ್ತಿಟ್ಟರೆ ಚೀಸ್‌ನ ತೇವ ಹೀರಿ ಬೀಜ ಮೆತ್ತಗಾಗುತ್ತದೆ. ಫ್ರಿಜ್‌ನಿಂದ ತೆಗೆದ ತಕ್ಷಣ ಹಾಳೆ ಬಿಚ್ಚಬಾರದು. ಬೆಚ್ಚನೆಯ ಅಡುಗೆಮನೆಯಲ್ಲಿ ತಣ್ಣನೆಯ ಉಂಡೆಯ ಮೇಲೆ ಸಣ್ಣ ಸಣ್ಣ ಹನಿ ಕೂರುತ್ತವೆ, ಅದರ ಮೇಲೆ ಬೀಜ ನಿಲ್ಲದೆ ಜಾರುತ್ತದೆ. ಹಾಳೆಯೊಳಗೇ ಹದಿನೈದು ನಿಮಿಷ ಬಿಟ್ಟರೆ ಹನಿ ಹಾಳೆಯ ಹೊರಗೆ ಕೂರುತ್ತದೆ, ಒಳಗಿನ ಮೇಲ್ಮೈ ಒಣಗಿಯೇ ಇದ್ದು ಸ್ವಲ್ಪ ಮೆತ್ತಗಾಗಿರುತ್ತದೆ. ಒರೆಸಿ, ಬಿಚ್ಚಿ, ತಟ್ಟೆಯಲ್ಲಿ ಹರಡಿದ ಬೀಜದ ಮೇಲೆ ಉರುಳಿಸಿ, ಬದಿಗಳಿಗೆ ಅಂಗೈಯಲ್ಲಿ ಬೀಜ ತೆಗೆದುಕೊಂಡು ಮೆಲ್ಲಗೆ ಒತ್ತಿ. ಇನ್ನರ್ಧ ಗಂಟೆಯಲ್ಲಿ ಚಾಕು ಸಲೀಸಾಗಿ ಇಳಿಯುವ ಹದ ಬರುತ್ತದೆ. ಗಟ್ಟಿಯಿದ್ದಾಗಲೇ ಇಟ್ಟರೆ ಚೀಸ್ ಸವರಿಕೊಳ್ಳುವ ಬಿಸ್ಕತ್ತು ಮುರಿಯುತ್ತದೆ, ಜನ ಒಂದು ಸಲ ಮುಟ್ಟಿ ಕೈಬಿಡುತ್ತಾರೆ.

ಖರ್ಜೂರಕ್ಕೆ ಹೆಚ್ಚು ಹೇಳುವುದೇನಿಲ್ಲ. ಮೆಜೂಲ್ ಜಾತಿಯ ದೊಡ್ಡ ಖರ್ಜೂರ 24, ಒಂದು ಬದಿ ಮಾತ್ರ ಸೀಳಿ ಬೀಜ ತೆಗೆದು, ಒಂದೊಂದಕ್ಕೆ ಒಂದು ಟೀ ಚಮಚ ಚೀಸ್. ಆಡಿನ ಹಾಲಿನ ಚೀಸ್ 4 ಔನ್ಸ್ ಬೇಕು. ಅದರ ಘಾಟು ರೂಢಿಯಿಲ್ಲದವರಿಗೆ ಅರ್ಧಕ್ಕರ್ಧ ಕ್ರೀಮ್ ಚೀಸ್ ಬೆರೆಸಿದರೆ ಹಿತವಾಗುತ್ತದೆ. ಮೇಲೆ ಒಂದು ಪಿಸ್ತಾ ಚೂರು, ಎರಡು ಹರಳು ಉಪ್ಪು. ಈ ತಟ್ಟೆಯಲ್ಲಿ ಮೊದಲು ಖಾಲಿಯಾಗುವುದು ಇದೇ.

ಮೊಝರೆಲ್ಲಾ ಕಡ್ಡಿಗಳು ಎಲ್ಲಕ್ಕಿಂತ ಕೊನೆಗೆ. ಚೆರ್ರಿ ಗಾತ್ರದ ಮೊಝರೆಲ್ಲಾ ಗುಂಡುಗಳು ನೀರಿನ ಡಬ್ಬಿಯಲ್ಲಿ ಬರುತ್ತವೆ, 8 ಔನ್ಸಿಗೆ ಸುಮಾರು 24. ಅವನ್ನು ಬಸಿದು ಬಟ್ಟೆಯ ಮೇಲೆ ಅರ್ಧ ಗಂಟೆ ಬಿಟ್ಟರೆ ಮಾತ್ರ ತಟ್ಟೆಯಲ್ಲಿ ಬಿಳಿನೀರು ನಿಲ್ಲುವುದಿಲ್ಲ. ಚೆರ್ರಿ ಟೊಮೇಟೊ ಕತ್ತರಿಸದೆ ಇಡಿಯಾಗಿ ಸಿಕ್ಕಿಸಿ. ಆದರೆ ಪುಟ್ಟ ಮಕ್ಕಳಿಗೆ ಕೊಡುವಾಗ ಕಡ್ಡಿಯಿಂದ ಬಿಡಿಸಿ ಉದ್ದಕ್ಕೆ ಸೀಳಿಯೇ ಕೊಡಬೇಕು. ಬೇಸಿಲ್, ಅಂದರೆ ಕಾಮಕಸ್ತೂರಿಯ ಎಲೆ, ಫ್ರಿಜ್‌ನ ಚಳಿಗೆ ಕಪ್ಪಾಗುತ್ತದೆ. ಕೊಂಡು ತಂದ ದಿನದಿಂದಲೂ ಕಾಂಡ ಮುಳುಗುವಂತೆ ಲೋಟದ ನೀರಿನಲ್ಲಿ ಹೊರಗೇ ಇಡಬೇಕು. ಉಪ್ಪು, ಬಾಲ್ಸಾಮಿಕ್ ಗ್ಲೇಜ್ (ಗಟ್ಟಿಯಾಗಿಸಿದ ಸಿಹಿಹುಳಿ ವಿನೆಗರ್) ಬಡಿಸುವ ಕ್ಷಣಕ್ಕೆ. ಅರ್ಧ ಗಂಟೆ ಮೊದಲು ಉಪ್ಪು ಬಿದ್ದರೆ ಚೀಸ್ ನೀರು ಬಿಟ್ಟು ಗ್ಲೇಜ್ ಹರಿದು ತಟ್ಟೆಯೆಲ್ಲ ಕಂದು ಬಣ್ಣವಾಗುತ್ತದೆ.

ಮೇಜಿಗೆ ಬಂದ ಮೇಲೆ ಗಡಿಯಾರ ನೋಡುವ ಕೆಲಸ. ಅಮೆರಿಕದ ಕೃಷಿ ಇಲಾಖೆಯ ನಿಯಮದಂತೆ ಇಂಥ ತಿನಿಸುಗಳು ಫ್ರಿಜ್‌ನ ಹೊರಗೆ ಇರಬಹುದಾದದ್ದು ಎರಡು ಗಂಟೆ. ಸುತ್ತಲಿನ ಬಿಸಿ 32 ಡಿಗ್ರಿ ಸೆಲ್ಸಿಯಸ್ ಮೀರಿದರೆ ಒಂದೇ ಗಂಟೆ. ಮನೆ ತುಂಬ ಜನರಿದ್ದಾಗ ಎರಡು ಗಂಟೆ ಕಳೆದದ್ದು ತಿಳಿಯುವುದೇ ಇಲ್ಲ. ನಾವು ಎಲ್ಲವನ್ನೂ ಎರಡು ಪಾಲು ಮಾಡಿ, ಒಂದು ಪಾಲನ್ನು ಮಾತ್ರ ಹೊರಗಿಡುತ್ತೇವೆ. ಚೀಸ್ ಬಾಲ್ ಕೂಡ ಒಂದು ದೊಡ್ಡದರ ಬದಲು ಎರಡು ಚಿಕ್ಕದು ಕಟ್ಟುವುದು ಮೇಲು; ಮೊದಲನೆಯದು ಅರ್ಧ ಕೊರೆದು ಹೋದಾಗ ಎರಡನೆಯದಕ್ಕೆ ಬೀಜ ಮೆತ್ತಿದರಾಯಿತು. ಬೇರೆಯವರ ಮನೆಗೆ ಒಯ್ಯುವುದಿದ್ದರೆ ಕಾರಿನ ಹೀಟರ್ ನೆನಪಿರಲಿ. ಹೊರಗೆ ಹಿಮ ಬೀಳುತ್ತಿದ್ದರೂ ಸೀಟಿನ ಮೇಲಿಟ್ಟ ಡಬ್ಬಿ ಬೆಚ್ಚಗಾಗುತ್ತದೆ. ಐಸ್ ಪ್ಯಾಕ್ ಹಾಕಿದ ಕೂಲರ್‌ನಲ್ಲಿ ಉಂಡೆ, ಬೀಜ ಬೇರೆ ಡಬ್ಬಿಯಲ್ಲಿ, ಮೆತ್ತುವುದು ಅಲ್ಲಿಗೆ ಹೋದ ಮೇಲೆ.

ಬೆಂಗಳೂರು, ಮಂಗಳೂರಿನಲ್ಲಿ ಕ್ರಿಸ್‌ಮಸ್‌ಗೆ ಇದೇ ತಟ್ಟೆ ಮಾಡುವವರಿಗೆ ಕ್ರೀಮ್ ಚೀಸ್ ಹೆಚ್ಚಾಗಿ ಸಿಗುವುದು ಡಬ್ಬಿಯಲ್ಲಿ, ಬೆಲೆಯೂ ಹೆಚ್ಚು. ಅದರ ಜಾಗಕ್ಕೆ ಕಟ್ಟಿದ ಮೊಸರು ಬರುತ್ತದೆ. ಕೆನೆಹಾಲಿನ ಗಟ್ಟಿ ಮೊಸರು ಒಂದು ಲೀಟರ್, ತೆಳು ಬಟ್ಟೆಯಲ್ಲಿ ಕಟ್ಟಿ ಜರಡಿಯಲ್ಲಿಟ್ಟು, ಮೇಲೆ ಒಂದು ತೂಕ ಹೇರಿ ಫ್ರಿಜ್‌ನೊಳಗೆ ಹತ್ತು ಹನ್ನೆರಡು ಗಂಟೆ. ಹೊರಗೆ ನೇತುಹಾಕಿದರೆ ಕರಾವಳಿಯ ಸೆಖೆಗೆ ತೀರಾ ಹುಳಿಯಾಗುತ್ತದೆ. ಸುಮಾರು 400 ಗ್ರಾಂ ಸಿಗುತ್ತದೆ, ಮೊಸರಿನ ಗಟ್ಟಿತನದ ಮೇಲೆ ಹೆಚ್ಚುಕಡಿಮೆ. ಅದಕ್ಕೆ 200 ಗ್ರಾಂ ಸಂಸ್ಕರಿಸಿದ ಚೀಸ್, ನುಣ್ಣಗೆ ತುರಿದದ್ದು. ಸಸ್ಯಾಹಾರದ ವಿಷಯಕ್ಕೆ ಪೊಟ್ಟಣದ ಹಸಿರು ಗುರುತು ನೋಡಿಕೊಂಡರೆ ಸಾಕು. ಆದರೆ ಕಟ್ಟಿದ ಮೊಸರಿಗೆ ಕ್ರೀಮ್ ಚೀಸ್‌ನಷ್ಟು ಕೊಬ್ಬಿಲ್ಲ, ಚಳಿಗೆ ಅದು ಅಷ್ಟು ಬಿಗಿಯುವುದಿಲ್ಲ. ಉಂಡೆ ಕಟ್ಟುವ ಹಟ ಬಿಟ್ಟು ಬಟ್ಟಲಲ್ಲೇ ಹಾಕಿ, ಮೇಲೆ ಹುರಿದ ಗೋಡಂಬಿ ಚೂರು ಉದುರಿಸಿ ಕೊಡುವುದು ಸರಿ. ಬಸಿದು ಬಂದ ನೀರನ್ನು ಚಪಾತಿ ಹಿಟ್ಟಿಗೆ ಬಳಸಿ.

ಮೇಜಿನ ಮೇಲೆ ಎರಡು ಗಂಟೆ ದಾಟಿದ್ದನ್ನು ಎಷ್ಟೇ ಉಳಿದಿರಲಿ ಬಿಸಾಡಬೇಕು. ಫ್ರಿಜ್‌ನಲ್ಲೇ ಉಳಿದ ಪಾಲು, ಬೀಜ ಮೆತ್ತದ ಉಂಡೆ, ಇನ್ನೂ ಮೂರು ದಿನ ಚೆನ್ನಾಗಿರುತ್ತದೆ. ಫ್ರೀಜರ್‌ಗೆ ಹಾಕಿದರೆ ಕ್ರೀಮ್ ಚೀಸ್‌ನ ನೀರು ಹೆಪ್ಪುಗಟ್ಟಿ ಬೇರೆಯಾಗಿ, ಕರಗಿದ ಮೇಲೆ ಹುಡಿಹುಡಿಯಾಗುತ್ತದೆ, ಸವರಲು ಬಾರದು. ಶುಕ್ರವಾರ ಬೆಳಗ್ಗೆ ಆ ಉಳಿದ ಚೀಸನ್ನು ಕಾದ ಕಾವಲಿಯ ಮೇಲಿನ ದೋಸೆಗೆ ಎರಡು ಚಮಚ ಸವರಿ, ಮಡಚಿ ಅರ್ಧ ನಿಮಿಷ ಬಿಟ್ಟರೆ ಒಳಗೆ ಕರಗಿ ಹರಡಿಕೊಳ್ಳುತ್ತದೆ. ಹಸಿಮೆಣಸಿನಕಾಯಿ ಬೇಕಿದ್ದವರು ಮಡಚುವ ಮೊದಲು ಹೆಚ್ಚಿ ಹಾಕಿಕೊಳ್ಳಲಿ.